ಬ್ಯಾಕ್ಟೀರಿಯಾ ಬ್ಯಾಟರಿಗೆ ಯಾವ ಎಲೆಕ್ಟ್ರೋಡ್ ಹಾಕಬೇಕ್ರಿ? ಯಾದಗಿರಿಯಿಂದ ಒಂದು ಪ್ರಾಜೆಕ್ಟ್ ಪ್ರಶ್ನೆ

ಭೀಮಾದಂಡಿ_ಹುಡುಗಿ
ಎಲ್ಲಾರಿಗೂ ನಮಸ್ಕಾರ್ರಿ. ನಾ ಯಾದಗಿರಿಯಾಕಿ, ಬಿಎಸ್ಸಿ ಕೊನೇ ವರ್ಷ. ಪ್ರಾಜೆಕ್ಟಿಗೆ ಮೈಕ್ರೋಬಿಯಲ್ ಫ್ಯೂಯಲ್ ಸೆಲ್, ಅಂದ್ರ ರಾಡಿಯೊಳಗಿನ ಬ್ಯಾಕ್ಟೀರಿಯಾದಿಂದ ಕರೆಂಟ್ ತೆಗೆಯೋ ಬ್ಯಾಟರಿ, ಮಾಡ್ಲತ್ತೀನಿ. ಐದು ಲೀಟರಿನ ಪ್ಲಾಸ್ಟಿಕ್ ಡಬ್ಬಿ, ತಳಕ್ಕ ನಮ್ಮ ಹೊಲದ ಎರಿ ಮಣ್ಣು ಹೆಂಡಿ ಕಲಸಿದ ರಾಡಿ, ಮ್ಯಾಲ ನಾಕು ಬೆರಳು ನೀರು. ಹಳೇ ದೊಡ್ಡ ಟಾರ್ಚ್ ಸೆಲ್ ಒಡದು ಒಳಗಿನ ಕರೇ ಕಡ್ಡಿ ತಗದೀನಿ. ಎರಡು ರಾಡಿಯೊಳಗ ಹುಗದೀನಿ, ಎರಡು ಥರ್ಮಾಕೋಲಿಗೆ ಚುಚ್ಚಿ ನೀರಿನ ಮ್ಯಾಲ ತೇಲಿ ಬಿಟ್ಟೀನಿ. ಕಡ್ಡಿಗೆ ಸುತ್ತಿದ್ದು ಅರಬಿ ಒಣ ಹಾಕೋ ಜಿಐ ತಂತಿ.

ಮರುದಿನಾನೇ ಮೀಟರ್ 0.94 ವೋಲ್ಟ್ ತೋರಿಸ್ತು. ಭಾಳ ಖುಷಿ ಆಯ್ತು. ಆದ್ರ 1000 ಓಮ್ ರೆಸಿಸ್ಟರ್ ಹಚ್ಚಿದ ಕೂಡ್ಲೇ 0.11ಕ್ಕ ಬಿದ್ದುಬಿಡ್ತದ. ಎಲ್‌ಇಡಿ ಹತ್ತೋದೇ ಇಲ್ಲ. ಗೈಡ್ ಸರ್ "ಎಲೆಕ್ಟ್ರೋಡ್ ಸುಧಾರಿಸು, ಗ್ರಾಫೀನ್ ಲೇಪನ ಮಾಡು" ಅಂತಾರ. ಗ್ರಾಫೀನ್ ಅಂದ್ರ ಭಾಳ ತೆಳ್ಳಗಿನ ಕಾರ್ಬನ್ ಹಾಳೆ. ನನ್ನ ಹತ್ರ ಎರಡು ಸಾವಿರ ರೂಪಾಯಿ ಅದ, ಎರಡು ತಿಂಗಳು ಟೈಮ್ ಅದ. ಏನ್ ಬದಲಿ ಮಾಡಿದ್ರ ಕರೆಂಟ್ ಹೆಚ್ಚಾಗ್ತದ ಹೇಳ್ರಿ.

ಆಳಂದ_ನಾಕಾ
ಫೋಟೋ ಹಾಕು ತಂಗಿ. ಅದರ ಮ್ಯಾಲ ಮಾತಾಡೋಣ.

ಸೇಡಂ_ವೈಂಡಿಂಗ್_ಕಾಕಾ
ಫೋಟೋ ಬ್ಯಾಡ, ನನಗ ಇಲ್ಲಿಂದಾನೇ ಕಾಣಸ್ತದ. ನಾ ಇಪ್ಪತ್ತೆರಡು ವರ್ಷ ಮೋಟರ್ ವೈಂಡಿಂಗ್ ಮಾಡೀನಿ. ಜಿಐ ತಂತಿ ಅಂದ್ರ ಕಬ್ಬಿಣದ ಮ್ಯಾಲ ಜಸ್ತ. ಆ ಜಸ್ತ ರಾಡಿಯೊಳಗ ಮುಳುಗ್ಯದ, ಅತ್ತ ಕಡೆ ಕಾರ್ಬನ್ ಕಡ್ಡಿ ಅದ. ನೀ ಒಡದು ತಗದ ಟಾರ್ಚ್ ಸೆಲ್ಲಿನ ಒಳಗೂ ಇದೇ ಇತ್ತು: ಜಸ್ತದ ಡಬ್ಬಿ, ನಡುವ ಕಾರ್ಬನ್ ಕಡ್ಡಿ. ನೀ ಒಂದು ಸೆಲ್ ಒಡದು ಅದನ್ನೇ ಮತ್ತ ರಾಡಿಯೊಳಗ ಕಟ್ಟೀದಿ ಮಗಳೇ. ಬ್ಯಾಕ್ಟೀರಿಯಾ ಇನ್ನಾ ಕೆಲಸಾ ಸುರು ಮಾಡಿಲ್ಲ.

ಭೀಮಾದಂಡಿ_ಹುಡುಗಿ
ಕಾಕಾ, ಹಂಗಂದ್ರ 0.94 ಸುಳ್ಳಾ?

ರಾಡಿ_ರಸಾಯನ
ವೋಲ್ಟೇಜ್ ಸುಳ್ಳಲ್ಲ, ಅದರ ಮೂಲ ಬೇರೆ. ಕಾಕಾ ಸರಿಯಾಗಿ ಹಿಡಿದಿದ್ದಾರೆ. ಬ್ಯಾಕ್ಟೀರಿಯಾ ಅಸಿಟೇಟ್ (ರಾಡಿ ಕೊಳೆತಾಗ ಹುಟ್ಟುವ, ಅವುಗಳ ಆಹಾರ) ಒಡೆದು ಎಲೆಕ್ಟ್ರಾನ್ ಬಿಡುವ ಕಡೆ ಸುಮಾರು ಮೈನಸ್ 0.3 ವೋಲ್ಟ್, ಆಮ್ಲಜನಕ ಅದನ್ನು ತೆಗೆದುಕೊಳ್ಳುವ ಕಡೆ ಪ್ಲಸ್ 0.8. ಪುಸ್ತಕದ ಲೆಕ್ಕಕ್ಕೆ 1.1 ವೋಲ್ಟ್ ಬರಬೇಕು. ಆದರೆ ಪ್ಲಾಟಿನಂ ಹಾಕಿದ ಒಳ್ಳೆಯ ಸೆಲ್ ಕೂಡ ಲೋಡ್ ಇಲ್ಲದಾಗ 0.7, 0.8ರ ಆಸುಪಾಸಿನಲ್ಲೇ ನಿಲ್ಲುತ್ತದೆ. ಲೇಪನವೇ ಇಲ್ಲದ ಕಡ್ಡಿಯಲ್ಲಿ, ಅದೂ ಮರುದಿನವೇ, 0.94 ಬಂತೆಂದರೆ ಅನುಮಾನ ಪಡಲೇಬೇಕು. ಎಲೆಕ್ಟ್ರೋಡಿನ ಮೇಲೆ ಬ್ಯಾಕ್ಟೀರಿಯಾ ಪದರ ಕಟ್ಟಿಕೊಳ್ಳಲು ದಿನಗಳಲ್ಲ, ವಾರಗಳು ಹಿಡಿಯುತ್ತವೆ.

ಇನ್ನೊಂದು ವಿಷಯ. ಆ ಕಡ್ಡಿಗೆ ಅಂಟಿದ ಕಪ್ಪು ಪುಡಿ ಮ್ಯಾಂಗನೀಸ್ ಡೈಆಕ್ಸೈಡ್. ಅದನ್ನು ಉಜ್ಜಿ ತೆಗೆದಿದ್ದೀರಾ? 1988ರಲ್ಲಿ ನ್ಯೂಯಾರ್ಕಿನ ಒನೈಡಾ ಸರೋವರದ ಕೆಸರಿನಲ್ಲಿ ಶೆವಾನೆಲ್ಲಾ ಎಂಬ ಬ್ಯಾಕ್ಟೀರಿಯಾ ಸಿಕ್ಕಿದ್ದೇ ಅದು ಆಮ್ಲಜನಕದ ಬದಲು ಮ್ಯಾಂಗನೀಸನ್ನು 'ಉಸಿರಾಡುತ್ತದೆ' ಎಂಬ ಕಾರಣಕ್ಕೆ. ನಿಮ್ಮ ರಾಡಿಯಲ್ಲಿರುವ ಬ್ಯಾಕ್ಟೀರಿಯಾಕ್ಕೂ ಕಡ್ಡಿಗಿಂತ ಆ ಪುಡಿ ಹತ್ತಿರ. ಎಲೆಕ್ಟ್ರಾನನ್ನು ಅದಕ್ಕೇ ಕೊಟ್ಟು ಸುಮ್ಮನಾಗುತ್ತವೆ, ನಿಮ್ಮ ತಂತಿಗೆ ಏನೂ ಬರುವುದಿಲ್ಲ.

ಹೊಸ ಎಲೆಕ್ಟ್ರೋಡಿನ ಮಾತು ಆಮೇಲೆ. ಮೊದಲು ಇಂಥದ್ದೇ ಇನ್ನೊಂದು ಡಬ್ಬಿ ಮಾಡಿ, ಅದರ ಮಣ್ಣನ್ನು ಕಾಲೇಜಿನ ಆಟೋಕ್ಲೇವಿನಲ್ಲಿ (ಒತ್ತಡದ ಹಬೆಯ ಪಾತ್ರೆ) ಎರಡು ದಿನ, ದಿನಕ್ಕೊಂದು ಸಲ ಬೇಯಿಸಿ ಹಾಕಿ. ಒಂದೇ ಸಲ ಬೇಯಿಸಿದರೆ ಮಣ್ಣಿನ ಬೀಜಾಣುಗಳು ಸಾಯುವುದಿಲ್ಲ. ಸತ್ತ ಮಣ್ಣಿನ ಡಬ್ಬಿಯೂ 0.9 ತೋರಿಸಿದರೆ ಉತ್ತರ ಸಿಕ್ಕಂತೆಯೇ.

ಬಿದರಿ_ಓಣಿ
ಜಸ್ತದ ಮಾತು ಬಂದಿದ್ಕ ನಾನೂ ಬಾಯಿ ಹಾಕ್ತೀನ್ರಿ. ಬೀದರದಾಗ ನಮ್ಮ ಮನಿ ಕೆಲಸಾನೇ ಬಿದರಿ. ನಮ್ಮ ಎರಕದಾಗ ಭಾಳ ಪಾಲು ಜಸ್ತ, ಥೋಡೆ ತಾಮ್ರ. ಮ್ಯಾಲ ಬೆಳ್ಳಿ ತಂತಿ ಕೂಡಿಸಿ, ಕೋಟೆ ಮಣ್ಣು ನವಸಾಗರ ಹಾಕಿದ ಬಿಸಿ ನೀರಾಗ ಅದ್ದಿದ್ರ ಜಸ್ತ ಕರ್ರಗ ಆಗ್ತದ, ಬೆಳ್ಳಿ ಬೆಳ್ಳಗೇ ಉಳೀತದ. ಜಸ್ತ ಎಷ್ಟು ಲಗೂನ ಮಣ್ಣಿನ ಕೂಡ ಕೂಡ್ತದ ಅಂಬೋದು ನಾವು ದಿನಾ ನೋಡ್ತೀವಿ. ತಂಗಿ, ನಿನ್ನ ತಂತಿ ಹದಿನೈದು ದಿನ ಬಿಟ್ಟು ತಗದು ನೋಡು, ಜಸ್ತ ಹೋಗಿ ಕಬ್ಬಿಣ ಕಂದು ಹತ್ತಿರ್ತದ.

ಕೇಳೋದು ಒಂದದ. ನವಸಾಗರ ಕಾಯಿಸಿದ್ರ ಅಮೋನಿಯಾ ವಾಸನಿ ಬರ್ತದ. ಕಾರ್ಬನ್ನಿಗೆ ಅಮೋನಿಯಾ ಹಿಡಿಸ್ತಾರ ಅಂತ ಎಲ್ಲೋ ಕೇಳೀನಿ, ಖರೇನಾ?

ರಾಡಿ_ರಸಾಯನ
ಖರೆ. 2007ರಲ್ಲಿ ಅಮೆರಿಕದ ಪೆನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಬ್ರೂಸ್ ಲೋಗನ್ ತಂಡ ಕಾರ್ಬನ್ ಬಟ್ಟೆಯನ್ನು 700 ಡಿಗ್ರಿಯಲ್ಲಿ ಅಮೋನಿಯಾ ಅನಿಲಕ್ಕೆ ಒಡ್ಡಿತು. ಚದರ ಮೀಟರಿಗೆ 1640 ಮಿಲಿವಾಟ್ ಇದ್ದದ್ದು 1970 ಆಯಿತು, ಸೆಲ್ ಚಾಲೂ ಆಗಲು ಹಿಡಿಯುತ್ತಿದ್ದ ಸಮಯ ಅರ್ಧಕ್ಕಿಳಿಯಿತು. ಬ್ಯಾಕ್ಟೀರಿಯಾದ ಹೊರಮೈ ಋಣ ಆವೇಶದ್ದು. ಅಮೋನಿಯಾದಿಂದ ಕಾರ್ಬನ್ ಮೈಗೆ ಧನ ಆವೇಶ ಹೆಚ್ಚುತ್ತದೆ, ಅವು ಬೇಗ ಅಂಟಿಕೊಳ್ಳುತ್ತವೆ. ಆದರೆ ಮನೆಯಲ್ಲಿ ನವಸಾಗರ ಕಾಯಿಸಿ ಇದನ್ನು ಮಾಡಲು ಹೋಗಬೇಡಿ. ಅಮೋನಿಯಾದ ಜೊತೆ ಹೈಡ್ರೋಜನ್ ಕ್ಲೋರೈಡೂ ಬರುತ್ತದೆ, ಅದು ಶ್ವಾಸಕೋಶ ಸುಡುತ್ತದೆ.

ನಿಮಗೆ ಸಾಧ್ಯವಿರುವ ದಾರಿ ಇನ್ನೊಂದಿದೆ. ಅದೇ ತಂಡ ಆಮೇಲೆ ಕಾರ್ಬನ್ ಜಾಲರಿಯನ್ನು ಬರೀ ಗಾಳಿಯಲ್ಲಿ 450 ಡಿಗ್ರಿಗೆ ಅರ್ಧ ಗಂಟೆ ಕಾಯಿಸಿ ಒಳ್ಳೆಯ ಫಲ ಪಡೆಯಿತು. ಕಾಲೇಜಿನಲ್ಲಿ ಮಫಲ್ ಫರ್ನೇಸ್, ಅಂದರೆ ಲ್ಯಾಬಿನ ಮುಚ್ಚಿದ ಕುಲುಮೆ, ಇದ್ದೇ ಇರುತ್ತದೆ. ಟಾರ್ಚ್ ಸೆಲ್ಲಿನ ಕಡ್ಡಿಗೆ ಮೇಣ ಕುಡಿಸಿರುತ್ತಾರೆ, ಕಾಯಿಸಿದರೆ ಅದೂ ಹೋಗುತ್ತದೆ.

ಶಹಾಬಾದ್_ಫರ್ಶಿ
ಇಷ್ಟೆಲ್ಲಾ ಯಾಕ್ರಿ? ತಾಮ್ರ ಹಾಕ್ರಿ. ಕರೆಂಟಿಗೆ ತಾಮ್ರಕ್ಕಿಂತ ಚಲೋ ಏನದ.

ಸುರಪುರ_ಟೀಚರ್
ತಾಮ್ರ ಬ್ಯಾಕ್ಟೀರಿಯಾ ಕೊಲ್ಲುತ್ತೆ ಸರ್. ತಾಮ್ರದ ಕೊಡದಲ್ಲಿ ನೀರು ಇಡೋದೇ ಅದಕ್ಕೆ.

ರಾಡಿ_ರಸಾಯನ
ಟೀಚರ್, ನಾನೂ ಹಾಗೇ ಅಂದುಕೊಂಡಿದ್ದೆ. 2015ರಲ್ಲಿ ಜರ್ಮನಿಯ ಬ್ರೌನ್‌ಶ್ವೈಗ್‌ನಲ್ಲಿ ತಾಮ್ರ, ಬೆಳ್ಳಿ ಎರಡರ ಮೇಲೂ ದಪ್ಪ ಬ್ಯಾಕ್ಟೀರಿಯಾ ಪದರ ಬೆಳೆಸಿ, ಗ್ರಾಫೈಟಿಗೆ (ಅದೂ ಕಾರ್ಬನ್ನೇ) ಸಮನಾಗಿ ಕರೆಂಟ್ ತೆಗೆದು ತೋರಿಸಿದರು. ಆದರೆ ಅಲ್ಲಿ ಎಲೆಕ್ಟ್ರೋಡಿನ ವೋಲ್ಟೇಜನ್ನು ಯಂತ್ರ ಹಿಡಿದು ನಿಲ್ಲಿಸಿತ್ತು, ತಾಮ್ರ ಕರಗದ ಮಟ್ಟದಲ್ಲಿ. ನಮ್ಮ ಡಬ್ಬಿಯಲ್ಲಿ ಹಾಗೆ ಹಿಡಿಯುವವರಿಲ್ಲ. ಹೆಂಡಿಯ ರಾಡಿಯಲ್ಲಿ ಗಂಧಕವೂ ಇದೆ, ತಾಮ್ರ ಅದರ ಜೊತೆ ಸೇರಿ ಸಲ್ಫೈಡ್ ಆಗಿ ತನ್ನದೇ ವೋಲ್ಟೇಜ್ ಕೊಡುತ್ತದೆ. ಮತ್ತೆ ಅದೇ ಗೊಂದಲ. ವಿದ್ಯಾರ್ಥಿ ಪ್ರಾಜೆಕ್ಟಿಗೆ ತಾಮ್ರ ಬೇಡ ಎಂದೇ ಹೇಳುತ್ತೇನೆ.

ಸೇಡಂ_ವೈಂಡಿಂಗ್_ಕಾಕಾ
ತಂತಿ ಎಸ್‌ಎಸ್ (ಸ್ಟೇನ್‌ಲೆಸ್ ಸ್ಟೀಲ್) ತಗೋ, ಹಾರ್ಡ್‌ವೇರ್ ಅಂಗಡ್ಯಾಗ 304 ಅಂತ ಕೇಳು. ಜಾಯಿಂಟ್ ರಾಡಿಯೊಳಗ ಇರಬಾರ್ದು. ಕಡ್ಡಿ ತುದಿ ನೀರಿನ ಮ್ಯಾಲ ಬರಂಗ ಇಟ್ಟು ಅಲ್ಲೇ ಬಿಗಿ, ಎಂ-ಸೀಲ್ ಹಚ್ಚಿ ಮುಚ್ಚು. ಮುಚ್ಚೋ ಮೊದ್ಲು ಮೀಟರ್ ಓಮಿಗೆ ಇಟ್ಟು ಕಡ್ಡಿ ಈ ತುದಿಯಿಂದ ತಂತಿ ಆ ತುದಿತನಾ ನೋಡು. ಎರಡು ಮೂರು ಓಮ್ ಬಂದ್ರ ಚಲೋ. ನೂರಾರು ಓಮ್ ಬಂದ್ರ ನೀ ಗ್ರಾಫೀನ್ ಹಚ್ಚಿದ್ರೂ ಅಷ್ಟೇ, ಬಂಗಾರ ಹಚ್ಚಿದ್ರೂ ಅಷ್ಟೇ. ನನ್ನ ಹತ್ರ ಸುಟ್ಟು ಬರೋ ಮೋಟರಿನಾಗ ಅರ್ಧಕ್ಕರ್ಧ ಜಾಯಿಂಟ್ ಸಡಿಲಾಗೇ ಸುಟ್ಟಿರ್ತಾವ.

ತೊಗರಿ_ಹೊಲ
ನಮ್ಮ ಕಲಬುರಗಿ ಕಡೆ ತೊಗರಿ ರಾಶಿ ಆದ ಮ್ಯಾಲ ಕಟಗಿ ಬೇಕಾದಷ್ಟು ಬಿದ್ದಿರ್ತದ. ಅರ್ಧ ಒಲಿಗೆ ಹೋಗ್ತದ, ಅರ್ಧ ಹೊಲದಾಗೇ ಸುಡ್ತಾರ. ಅದರ ಇದ್ದಲಿ ಎಲೆಕ್ಟ್ರೋಡ್ ಆಗಬಾರ್ದಾ? ಪೇಟಿಯಿಂದ ತರೋದೇ ಬ್ಯಾಡ. ನಾ ಹೋದ ವಾರ ಎಣ್ಣಿ ಡಬ್ಬಿಯೊಳಗ ಕಟಗಿ ತುಂಬಿ, ಮುಚ್ಚಳಾ ಹಾಕಿ, ಕುಳ್ಳಿನ ಬೆಂಕ್ಯಾಗ ಸುಟ್ಟು ನೋಡಿದೆ. ಇದ್ದಲಿ ಚಲೋ ಆಯ್ತು. ಮೀಟರ್ ಹಚ್ಚಿದ್ರ ಏನೂ ತೋರಿಸ್ವಲ್ದು. ಯಾಕ?

ರಾಡಿ_ರಸಾಯನ
ಈ ಪ್ರಶ್ನೆಗಾಗಿ ನಿಮಗೆ ಕೈ ಮುಗಿಯುತ್ತೇನೆ. ಕುಳ್ಳಿನ ಬೆಂಕಿಯಲ್ಲಿ ಮುಚ್ಚಿದ ಡಬ್ಬಿಯ ಒಳಗೆ 400, 500 ಡಿಗ್ರಿ ಬಂದರೆ ಹೆಚ್ಚು. ಆ ಇದ್ದಿಲು ಉರಿಯಲು ಚೆನ್ನ, ವಿದ್ಯುತ್ ಹರಿಯಲು ಅಲ್ಲ. ಕಾರ್ಬನ್ ಪರಮಾಣುಗಳು ಹಾಳೆಹಾಳೆಯಾಗಿ ಜೋಡಿಸಿಕೊಂಡು ಒಂದಕ್ಕೊಂದು ತಾಗಬೇಕು, ಅದಕ್ಕೆ 800, 900 ಡಿಗ್ರಿ ದಾಟಬೇಕು. ಅಲ್ಲಿಗೆ ಮುಟ್ಟಿದ ಇದ್ದಿಲಿನ ಗುರುತು ಸುಲಭ. ಫರ್ಶಿ ಮೇಲೆ ಬೀಳಿಸಿದರೆ ಮಂದವಾಗಿ ಟಪ್ ಅನ್ನುವುದಿಲ್ಲ, ಠಣ್ ಅನ್ನುತ್ತದೆ.

ತೊಗರಿ ಕಟ್ಟಿಗೆಗೆ ಇನ್ನೊಂದು ಅನುಕೂಲ ಇದೆ. ಗಿಡ ಬೇರಿನಿಂದ ನೀರು ಏರಿಸುವ ಕೊಳವೆಗಳು ಸುಟ್ಟ ಮೇಲೂ ಹಾಗೇ ಉಳಿಯುತ್ತವೆ. ಅವುಗಳ ಅಗಲ ಹತ್ತಾರು ಮೈಕ್ರಾನ್. ಬ್ಯಾಕ್ಟೀರಿಯಾ ಒಂದು ಮೈಕ್ರಾನ್ ಆಸುಪಾಸು. ಒಳಗೆ ಹೋಗಿ ಮನೆ ಮಾಡಬಹುದು.

ತೊಗರಿ_ಹೊಲ
900 ಡಿಗ್ರಿ ಎಲ್ಲಿಂದ ತರ್ಲಿ?

ಬಿದರಿ_ಓಣಿ
ಕಮ್ಮಾರರ ಕುಲುಮಿ ಅಣ್ಣಾ. ಕಬ್ಬಿಣ ಕೆಂಪಗಿಂದ ಕಿತ್ತಳಿ ಬಣ್ಣಕ್ಕ ತಿರುಗಿತು ಅಂದ್ರ 900ರ ಮ್ಯಾಲೇ ಅದ. ದಪ್ಪ ಪೈಪಿನ ತುಂಡಿನಾಗ ಕಟಗಿ ತುಂಬು, ಎರಡೂ ಕಡೆ ಮುಚ್ಚು, ಒಂದು ಸಣ್ಣ ತೂತು ಬಿಡು. ತೂತು ಬಿಡಲಿಲ್ಲಂದ್ರ ಒಳಗಿನ ಹೊಗಿಗೆ ಪೈಪ್ ಸಿಡೀತದ, ಅದು ನೆನಪಿರ್ಲಿ.

ಆಳಂದ_ನಾಕಾ
ಮುಖ್ಯ ಪ್ರಶ್ನೆ ಯಾರೂ ಕೇಳ್ಲತ್ತಿಲ್ಲ. ಕಲಬುರಗಿ ಬಿಸಲಿಗೆ ಅಂಗೈಯಷ್ಟು ಸೋಲಾರ್ ಪ್ಲೇಟ್ ಇಟ್ಟರೂ ಒಂದು ವಾಟ್ ಬರ್ತದ. ಈ ಡಬ್ಬಿ ಮೈಕ್ರೋವಾಟ್ ಕೊಡ್ತದ. ಯಾಕ ಮಾಡಬೇಕು?

ಸುರಪುರ_ಟೀಚರ್
ಕರೆಂಟಿಗಾಗಿ ಮಾತ್ರ ಅಂದ್ರೆ ನಿಮ್ಮ ಮಾತು ಸರಿ ಸರ್. ಆದರೆ ಇದು ಕೊಳಚೆ ನೀರನ್ನೂ ಶುದ್ಧ ಮಾಡುತ್ತೆ. ಈಗ ಕೊಳಚೆಗೆ ಗಾಳಿ ಊದಲು ನಾವೇ ಕರೆಂಟ್ ಸುಡ್ತೇವೆ. ಇಂಗ್ಲೆಂಡಿನ ಬ್ರಿಸ್ಟಲ್‌ನವರು 2015ರ ಗ್ಲಾಸ್ಟನ್‌ಬರಿ ಉತ್ಸವದಲ್ಲಿ ಜನರ ಮೂತ್ರದಿಂದಲೇ ಮೂತ್ರಾಲಯಕ್ಕೆ ದೀಪ ಹಚ್ಚಿದ್ರು. 2008ರಲ್ಲಿ ಅಮೆರಿಕದ ನೌಕಾದಳದ ಪ್ರಯೋಗಾಲಯ ನದಿ ತಳದ ಕೆಸರಿನಿಂದ ಹವಾಮಾನ ಅಳೆಯುವ ತೇಲುಬುರುಡೆ ನಡೆಸಿತು. ಅಲ್ಲಿ ಬ್ಯಾಟರಿ ಬದಲಿಸೋ ಕೆಲಸ ತಪ್ಪಿತು, ಅದು ದೊಡ್ಡದಲ್ವಾ?

ಆಳಂದ_ನಾಕಾ
ಉತ್ಸವದಾಗ ದೀಪ ಹಚ್ಚೋದು ಬ್ಯಾರೆ, ಫ್ಯಾಕ್ಟರಿ ನೀರು ಶುದ್ಧ ಮಾಡೋದು ಬ್ಯಾರೆ.

ರಾಡಿ_ರಸಾಯನ
ಒಪ್ಪುತ್ತೇನೆ. 2007ರಲ್ಲಿ ಆಸ್ಟ್ರೇಲಿಯಾದ ಯಟಾಲಾದ ಬಿಯರ್ ಕಾರ್ಖಾನೆಯಲ್ಲಿ ಮೂರು ಮೀಟರ್ ಎತ್ತರದ 12 ಕೊಳವೆ ನಿಲ್ಲಿಸಿ ನೋಡಿದರು, ಕಾರ್ಬನ್ ನಾರಿನ ಬ್ರಷ್ ಎಲೆಕ್ಟ್ರೋಡ್ ಹಾಕಿ. ಆ ನೀರಿನಲ್ಲಿ ವಿದ್ಯುತ್ ಸರಿಯಾಗಿ ಹರಿಯಲಿಲ್ಲ, ಕ್ಯಾಥೋಡ್ ಮೇಲೆ, ಅಂದರೆ ಆಮ್ಲಜನಕದ ಕಡೆಯ ಎಲೆಕ್ಟ್ರೋಡಿನ ಮೇಲೆ, ಲೋಳೆ ಬೆಳೆಯಿತು, ಕರೆಂಟ್ ಕಡಿಮೆಯೇ ಬಂತು. ಲ್ಯಾಬಿನಲ್ಲಿ ಚದರ ಮೀಟರಿಗೆ 2400 ಮಿಲಿವಾಟ್ ಕೊಟ್ಟ ಬ್ರಷ್ಷೇ ಅದು. 1911ರಲ್ಲಿ ಡರ್ಹಾಮ್‌ನ ಪಾಟರ್ ಮೊದಲ ಸಲ ಬ್ಯಾಕ್ಟೀರಿಯಾದಿಂದ ಕರೆಂಟ್ ತೆಗೆದಾಗ ಪ್ಲಾಟಿನಂ ಬಳಸಿದ್ದ. ನೂರು ವರ್ಷ ದಾಟಿದ ಮೇಲೂ ಅಗ್ಗದ, ಬಾಳಿಕೆಯ ಎಲೆಕ್ಟ್ರೋಡನ್ನೇ ಹುಡುಕುತ್ತಿದ್ದೇವೆ. ಆದ್ದರಿಂದಲೇ ಈ ಹುಡುಗಿಯ ಪ್ರಶ್ನೆ ನನಗೆ ಮುಖ್ಯ ಅನ್ನಿಸಿದ್ದು.

ಭೀಮಾದಂಡಿ_ಹುಡುಗಿ
ಸರ್, ಗ್ರಾಫೀನ್ ಬಗ್ಗೆ ಹೇಳ್ರಿ. ಗೈಡ್ ಸರಿಗೆ ಏನಂತ ಹೇಳ್ಲಿ?

ರಾಡಿ_ರಸಾಯನ
ಗ್ರಾಫೀನ್ ಕೆಟ್ಟದ್ದಲ್ಲ. ಆದರೆ ಅದರ ಹೊರಪದರ ಗ್ರಾಂಗೆ ಇಷ್ಟು ಚದರ ಮೀಟರ್ ಎಂದು ಬರೆದದ್ದನ್ನು ಓದಿ ಮರುಳಾಗಬೇಡಿ. ಆ ಸಂಖ್ಯೆಯನ್ನು ಅಳೆದದ್ದು ನೈಟ್ರೋಜನ್ ಅನಿಲದಿಂದ. ನೈಟ್ರೋಜನ್ ಅಣು ನುಗ್ಗುವ ಸಂದಿಯಲ್ಲಿ ಬ್ಯಾಕ್ಟೀರಿಯಾ ನುಗ್ಗುವುದಿಲ್ಲ. ಆನೋಡಿಗೆ, ಅಂದರೆ ರಾಡಿಯೊಳಗಿನ ಕಡ್ಡಿಗೆ, ಬೇಕಾದದ್ದು ಒರಟು ಮೈ, ದೊಡ್ಡ ತೂತು, ಒಳ್ಳೆಯ ವಾಹಕತೆ. ಕ್ಯಾಥೋಡಿನ ಕಥೆ ಬೇರೆ. ಅಲ್ಲಿ ಕೆಲಸ ಮಾಡುವುದು ಆಮ್ಲಜನಕ, ಅದಕ್ಕೆ ಸೂಕ್ಷ್ಮ ತೂತುಗಳೇ ಬೇಕು. ಎರಡೂ ಕಡೆ ಒಂದೇ ಕಡ್ಡಿ ಹಾಕಿದ್ದು ನಿಮ್ಮ ಡಬ್ಬಿಯ ದೊಡ್ಡ ಕೊರತೆ ಎಂದು ನನ್ನ ಅಂದಾಜು. ಬರೀ ಗ್ರಾಫೈಟ್ ಮೇಲೆ ಆಮ್ಲಜನಕ ಬಹಳ ನಿಧಾನ.

2009ರಲ್ಲಿ ಅದೇ ಪೆನ್ ಸ್ಟೇಟ್ ತಂಡ ಸಕ್ರಿಯ ಇದ್ದಿಲನ್ನು ಲೋಹದ ಜಾಲರಿಗೆ ಒತ್ತಿ ಕ್ಯಾಥೋಡ್ ಮಾಡಿದಾಗ ಚದರ ಮೀಟರಿಗೆ 1220 ಮಿಲಿವಾಟ್ ಬಂತು, ಪ್ಲಾಟಿನಂ ಹಾಕಿದ್ದಕ್ಕೆ 1060. ನೀರಿನ ಫಿಲ್ಟರ್ ಕಾರ್ಟ್ರಿಜ್‌ನಲ್ಲಿ ಇರುವುದು ಇದೇ ಸಕ್ರಿಯ ಇದ್ದಿಲು. ಹೊಸ ಕಾರ್ಟ್ರಿಜ್ ಒಡೆದು, ಪುಡಿ ಮಾಡಿ, ಎಸ್‌ಎಸ್ ಜಾಲರಿಯ ಎರಡು ತುಂಡುಗಳ ನಡುವೆ ತೆಳ್ಳಗೆ ಹರಡಿ, ಅಂಚು ಹೊಲಿದು, ಒಂದು ಮೈ ನೀರಿಗೆ ಒಂದು ಮೈ ಗಾಳಿಗೆ ಇರುವಂತೆ ತೇಲಿಬಿಡಿ. ಮೊದಲು ಇದೊಂದನ್ನೇ ಬದಲಿಸಿ, ಆನೋಡ್ ಮುಟ್ಟಬೇಡಿ. ಎರಡನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತು ತಿಳಿಯದು.

ಕ್ಯಾಂಪಸ್_ಕೋಣೆ_14
ಸರ್, ಇದಕ್ಕ ಮಾರ್ಕ್ಸ್ ಬರಬೇಕಲ್ರಿ. ಫಿಲ್ಟರ್ ಇದ್ದಲಿ ಅಂದ್ರ ಪರೀಕ್ಷಾದಾಗ "ಇದರಾಗ ಹೊಸದೇನು" ಅಂತಾರ. ಗ್ರಾಫೀನ್ ಅಂದ್ರ ಕೂತ ಕೇಳ್ತಾರ. ನಾನೂ ಇದೇ ದಾರಿ ಹಿಡಿದೆ, ನನಗ ಗೊತ್ತದ.

ಸುರಪುರ_ಟೀಚರ್
ಸತ್ತ ಮಣ್ಣಿನ ಡಬ್ಬಿ ಇಟ್ಟು, ಜಸ್ತದ ವೋಲ್ಟೇಜ್ ಬೇರೆ, ಬ್ಯಾಕ್ಟೀರಿಯಾ ವೋಲ್ಟೇಜ್ ಬೇರೆ ಅಂತ ತೋರಿಸಿದ ವಿದ್ಯಾರ್ಥಿಗೆ ನಾನಾಗಿದ್ರೆ ಪೂರ್ತಿ ಮಾರ್ಕ್ಸ್ ಕೊಡ್ತೀನಿ. ಮೇಲೆ ತೊಗರಿ ಕಟ್ಟಿಗೆ ಎಲೆಕ್ಟ್ರೋಡ್ ನಮ್ಮ ಜಿಲ್ಲೆಯದೇ ವಿಷಯ. ಹೊಸದು ಇನ್ನೇನು ಬೇಕಪ್ಪಾ?

ಕ್ಯಾಂಪಸ್_ಕೋಣೆ_14
ನಿಮ್ಮಂಥೋರು ಪರೀಕ್ಷಾಕ್ಕ ಬಂದ್ರ ಹೌದ್ರಿ ಮೇಡಂ.

ಭೀಮಾದಂಡಿ_ಹುಡುಗಿ
ಮೂರೂವರಿ ವಾರ ಆಯ್ತ್ರಿ, ಅದಕ್ಕ ಸುಮ್ಮನಿದ್ದೆ. ಈಗ ಲೆಕ್ಕ ಕೊಡ್ತೀನಿ.

ಸತ್ತ ಮಣ್ಣು, ಜಿಐ ತಂತಿ: 0.91 ವೋಲ್ಟ್. ಕಾಕಾ ಹೇಳಿದ್ದೇ ಖರೇ. ತಂತಿ ತಗದು ನೋಡಿದ್ರ ಬಿದರಿ ಅಣ್ಣ ಹೇಳಿದಂಗ ಕಂದು ಹತ್ತಿತ್ತು. ನೋಡಿ ಅಳು ಬಂತು, ಒಂದು ದಿನ ಏನೂ ಮಾಡ್ಲಿಲ್ಲ.

ಆಮ್ಯಾಲ ಕಡ್ಡಿ ಉಜ್ಜಿ, ಫರ್ನೇಸಿನಾಗ ಕಾಯಿಸಿ, ಎಸ್‌ಎಸ್ ತಂತಿ ಹಾಕಿ ಹೊಸ ಡಬ್ಬಿ ಮಾಡಿದೆ. ಮೊದಲ ದಿನ 0.08. ಒಂಬತ್ತನೇ ದಿನ 0.40. ಹದಿನಾರನೇ ದಿನ 0.61, ಅಲ್ಲೇ ನಿಂತದ. ಇದರದೇ ಸತ್ತ ಮಣ್ಣಿನ ಜೋಡಿ ಡಬ್ಬಿ 0.1 ದಾಟಿಲ್ಲ. ಈ ಸಲ ಇವು ನನ್ನ ಬ್ಯಾಕ್ಟೀರಿಯಾನೇ.

1000 ಓಮಿಗೆ 0.05 ವೋಲ್ಟ್ ಬಂತು, ಅಂದ್ರ 2.5 ಮೈಕ್ರೋವಾಟ್. ಹೋದ ವಾರ ಮ್ಯಾಲಿನ ಕಡ್ಡಿ ತಗದು, ಫಿಲ್ಟರ್ ಇದ್ದಲಿ ಜಾಲರಿ ಹತ್ತು ಸೆಂಟಿಮೀಟರ್ ಚೌಕ ಮಾಡಿ ತೇಲಿ ಬಿಟ್ಟೆ. ಆನೋಡ್ ಮುಟ್ಟಿಲ್ಲ. ಐದು ದಿನಕ್ಕ ಅದೇ 1000 ಓಮಿಗೆ 0.17 ವೋಲ್ಟ್! 29 ಮೈಕ್ರೋವಾಟ್ರಿ. ಹನ್ನೊಂದು ಪಟ್ಟಿಗಿಂತ ಜಾಸ್ತಿ!

ಸೇಡಂ_ವೈಂಡಿಂಗ್_ಕಾಕಾ
ಶಭಾಷ್ ಮಗಳೇ. ಜಾಯಿಂಟ್ ಎಷ್ಟು ಓಮ್ ಬಂತು?

ಭೀಮಾದಂಡಿ_ಹುಡುಗಿ
ಎರಡೂವರಿ ಕಾಕಾ.

ಕ್ಯಾಂಪಸ್_ಕೋಣೆ_14
ಹನ್ನೊಂದು ಪಟ್ಟು ಅಂತ ಹಂಗೇ ಬರೀಬ್ಯಾಡ. ನಿನ್ನ ಹಳೇ ಎರಡು ಕಡ್ಡಿ ಮೈ ಸೇರಿ ಎಷ್ಟಾಗ್ತದ? ಹೊಸ ಜಾಲರಿ 100 ಚದರ ಸೆಂಟಿಮೀಟರ್. ದೊಡ್ಡದು ಹಾಕಿದ್ರ ಜಾಸ್ತಿ ಬಂದೇ ಬರ್ತದ.

ಭೀಮಾದಂಡಿ_ಹುಡುಗಿ
ಕಡ್ಡಿ 8 ಮಿಲಿಮೀಟರ್ ದಪ್ಪ, 57 ಮಿಲಿಮೀಟರ್ ಉದ್ದ. ಎರಡೂ ಸೇರಿ 28 ಚದರ ಸೆಂಟಿಮೀಟರ್ ಹತ್ರ.

ರಾಡಿ_ರಸಾಯನ
ಕೋಣೆ 14 ಅವರ ಆಕ್ಷೇಪ ನ್ಯಾಯವಾದದ್ದು. ಕ್ಯಾಥೋಡಿನ ವಿಸ್ತೀರ್ಣಕ್ಕೆ ಭಾಗಿಸಿದರೆ ಚದರ ಮೀಟರಿಗೆ 0.9 ಮಿಲಿವಾಟ್ ಇದ್ದದ್ದು 2.9 ಆಗಿದೆ, ಅಂದರೆ ಮೂರು ಪಟ್ಟು ಚಿಲ್ಲರೆ. ಇದು ಇದ್ದಿಲಿನ ಗುಣದಿಂದ ಬಂದದ್ದು. ಉಳಿದದ್ದು ಅಳತೆ ದೊಡ್ಡದಾದದ್ದರಿಂದ. ಆನೋಡ್ ಅಷ್ಟೇ ಇದ್ದರೂ ಒಟ್ಟು ಶಕ್ತಿ ಹನ್ನೊಂದು ಪಟ್ಟು ದಾಟಿದೆ, ಅಂದರೆ ಇಷ್ಟು ದಿನ ತಡೆದಿದ್ದು ಕ್ಯಾಥೋಡೇ. ಎರಡೂ ಲೆಕ್ಕ ಬರೆಯಿರಿ, ಯಾವುದಕ್ಕೆ ಭಾಗಿಸಿದ್ದು ಎಂದು ಸ್ಪಷ್ಟ ಹೇಳಿ. ದೊಡ್ಡ ಪತ್ರಿಕೆಗಳಲ್ಲೂ ಇದನ್ನು ಮುಚ್ಚಿಡುವವರಿದ್ದಾರೆ, ನನಗೆ ಅದು ಸಿಟ್ಟು ತರಿಸುತ್ತದೆ.

ಇನ್ನು 1000 ಓಮಿಗೇ ನಿಲ್ಲಬೇಡಿ. ಒಂದು ಲಕ್ಷ ಓಮಿನಿಂದ ನೂರರವರೆಗೆ ಇಳಿಸುತ್ತಾ, ಪ್ರತಿ ಸಲ ಇಪ್ಪತ್ತು ನಿಮಿಷ ಬಿಟ್ಟು ಅಳೆಯಿರಿ. ಶಕ್ತಿ ಎಲ್ಲಿ ಅತಿ ಹೆಚ್ಚೋ ಅದು ನಿಮ್ಮ ಸೆಲ್ಲಿನ ಒಳ ಪ್ರತಿರೋಧದ ಹತ್ತಿರ ಇರುತ್ತದೆ.

ಶಹಾಬಾದ್_ಫರ್ಶಿ
ಎಲ್‌ಇಡಿ ಯಾವಾಗ ಹತ್ತತದ? ನಾಕು ಡಬ್ಬಿ ಸಾಲಾಗಿ ಹಚ್ಚಿದ್ರ ಆಗಲ್ವಾ?

ರಾಡಿ_ರಸಾಯನ
ಕೆಂಪು ಎಲ್‌ಇಡಿಗೆ 1.8 ವೋಲ್ಟ್ ಬೇಕು. ಸಾಲಾಗಿ ಹಚ್ಚಿದರೆ ಅವುಗಳಲ್ಲಿ ದುರ್ಬಲವಾದ ಡಬ್ಬಿಯ ವೋಲ್ಟೇಜ್ ಉಲ್ಟಾ ತಿರುಗಿ, ಉಳಿದವು ಕೊಟ್ಟದ್ದನ್ನು ಅದೇ ನುಂಗುತ್ತದೆ. ಪ್ರತಿ ಡಬ್ಬಿಗೆ ಒಂದೊಂದು ಕೆಪಾಸಿಟರ್ ಬೇರೆ ಬೇರೆ ತುಂಬಿಸಿ, ಆಮೇಲೆ ಕೆಪಾಸಿಟರ್‌ಗಳನ್ನು ಸಾಲಾಗಿ ಜೋಡಿಸಿ. ಕಣ್ಣು ಮಿಟುಕಿಸುವಷ್ಟು ಹೊತ್ತು ಹತ್ತುತ್ತದೆ.

ಸುರಪುರ_ಟೀಚರ್
ಬಿಸಿಲು ಏರ್ತಿದೆ ಮಗಳೇ. ನೀರು ಇಂಗಿ ಜಾಲರಿ ಮಣ್ಣಿಗೆ ತಾಗದಂಗೆ ನೋಡ್ಕೋ, ದಿನಾ ಸಂಜೆ ನೀರು ತುಂಬು. ಡಬ್ಬಿ ನೆರಳಲ್ಲಿಡು, ಆ ಬ್ಯಾಕ್ಟೀರಿಯಾಕ್ಕೆ 30, 35 ಡಿಗ್ರಿ ಹಿತ. ನಮ್ಮ ಏಪ್ರಿಲ್ ಅವಕ್ಕೆ ಜಾಸ್ತಿ ಆಗುತ್ತೆ.

ಭೀಮಾದಂಡಿ_ಹುಡುಗಿ
ಹೌದ್ರಿ ಟೀಚರ್, ಡಬ್ಬಿ ಅವ್ವನ ಅಡಗಿ ಮನಿ ಮೂಲ್ಯಾಗ ಗಡಿಗಿ ಪಕ್ಕಕ್ಕ ಇಟ್ಟೀನಿ. ವಾಸನಿ ಅಂತ ಬೈತಾಳ, ಆದ್ರ ಸಂಜಿಗೆ ನೀರು ತಾನೇ ಹಾಕ್ತಾಳ.

ತೊಗರಿ_ಹೊಲ ಅಣ್ಣಾ, ಈಗ ಆನೋಡಿನ ಪಾಳಿ. ನಿಮ್ಮ ಕಟಗಿ ಎರಡು ಹಿಡಿ ಕಳಸ್ತೀರಾ?

ತೊಗರಿ_ಹೊಲ
ಕಳಸೋದೇನು, ನಾನೇ ಸುಟ್ಟು ಕೊಡ್ತೀನಿ. ನಮ್ಮೂರ ಕಮ್ಮಾರ ಕಾಕಾನ ಕೂಡ ಮಾತಾಡೀನಿ. ಸೋಮವಾರ ಕುಡಗೋಲು, ಕುಂಟಿ ಕೆಲಸಕ್ಕ ಕುಲುಮಿ ಹಚ್ತಾರ. ಬೋರ್‌ವೆಲ್ ಪೈಪಿನ ಮೊಳದುದ್ದ ತುಂಡು ಸಿಕ್ಕದ, ತೂತು ಹಾಕಿಸೀನಿ. ಬೆರಳು ದಪ್ಪದ ಕಟಗಿ ಆರಿಸಿ ಸಿಪ್ಪಿ ತಗದು ಒಣಗಾಕೀನಿ. ಸುಟ್ಟು ಆರಿದ ಮ್ಯಾಲ ಫರ್ಶಿ ಮ್ಯಾಲ ಬೀಳಿಸಿ ಸದ್ದು ರೆಕಾರ್ಡ್ ಮಾಡಿ ಇಲ್ಲೇ ಹಾಕ್ತೀನಿ. ಮೀಟರ್ ಓಮ್ ಎಷ್ಟು ಬಂತು ಅದನ್ನೂ ಬರೀತೀನಿ.